ಭಾಂಡಿ ಅಂಗಡಿಯ ಮುಂದಿನ ಖಾಲಿ ಜಾಗ

೮ ಡಿಸೆಂಬರ್ ೨೦೨೪, ರವಿವಾರ

ಚಹಾ ಕುಡಿಯಲು ಎದ್ದು ಹೋದದ್ದೇ ತಪ್ಪಾಯಿತು. ತಿರುಗಿ ಬರುವಷ್ಟರಲ್ಲಿ ನಾನು ಅಧ್ಯಕ್ಷನಾಗಿದ್ದೆ.

ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಗೆ ಒಂದು ಸಮಿತಿ ಬೇಕಂತೆ. ನಗರ ಹೇಗೆ ಬೆಳೆಯಬೇಕೆಂದು ಇನ್ನು ಮೇಲೆ ನಗರಪಾಲಿಕೆ ಕಚೇರಿಯಲ್ಲಿ ಕುಳಿತು ತೀರ್ಮಾನಿಸುವುದಿಲ್ಲ, ಓಣಿಯ ಜನರನ್ನೇ ಕೇಳುತ್ತಾರಂತೆ. ಒಳ್ಳೆಯ ಮಾತೇ. ಆದರೆ ಕೇಳುವ ಕೆಲಸ ನನ್ನ ಕೊರಳಿಗೇ ಬೀಳಬೇಕಿತ್ತೆ? ಹೆಸರು ಸೂಚಿಸಿದವನು ಪಕ್ಕದ ಮೊಬೈಲ್ ಅಂಗಡಿಯ ಸತೀಶಕುಮಾರ. "ಶಿವಶರಣಪ್ಪ ಕಾಕಾ ಹಿರೇರದಾರ, ಅವರ ಆಗ್ಲಿ" ಎಂದನಂತೆ. ಹಿರಿಯ ಎಂದರೆ ಮೊಣಕಾಲು ನೋಯುವವನು, ಸಭೆ ಬಿಟ್ಟು ಓಡಿಹೋಗಲು ಆಗದವನು ಎಂದರ್ಥ.

ಯೋಜನೆಯ ಕಡೆಯಿಂದ ಬಂದ ಹುಡುಗಿಯ ಹೆಸರು ನೇತ್ರಾ. ಧಾರವಾಡದವಳು. ನಗರ ಕಟ್ಟುವ ವಿದ್ಯೆಯನ್ನೇ ಓದಿದ್ದಾಳಂತೆ. ಮಾತು ಮಾತಿಗೆ ಸುಸ್ಥಿರ ಅಭಿವೃದ್ಧಿ ಎಂದಳು. ಹಾಗೆಂದರೇನೆಂದು ಕೇಳಿದೆ. ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂಥದ್ದು ಎಂದಳು. ಹಾಗಾದರೆ ನಮ್ಮ ಓಣಿಯ ಗಟಾರಿನಷ್ಟು ಸುಸ್ಥಿರವಾದದ್ದು ಬೇರೆ ಇಲ್ಲ, ನನ್ನ ಅಜ್ಜನ ಕಾಲದಿಂದ ಒಂದು ಕಲ್ಲೂ ಅಲುಗಾಡಿಲ್ಲ ಎಂದೆ. ನಕ್ಕಳು. ಪಾಪ, ಒಳ್ಳೆಯ ಹುಡುಗಿ.

ಮನೆಗೆ ಬಂದು ಹೇಳಿದರೆ ಲಕ್ಕವ್ವ, "ಮನ್ಯಾಗ ಒಂದು ಮಾತು ಕೇಳೂದಿಲ್ಲ, ಓಣಿ ಮಂದಿನ್ನ ಕೇಳ್ತೀರೇನು?" ಎಂದಳು. ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿಯ ಅಭಿನಂದನೆ ಇದು.

೧೨ ಡಿಸೆಂಬರ್, ಗುರುವಾರ

ಬೆಳಿಗ್ಗೆ ನಮ್ಮ ಪಾತ್ರೆ-ಭಾಂಡಿಯ ಅಂಗಡಿ ತೆರೆಯಲು ಹೋದಾಗ ಕಟ್ಟೆಯ ಮುಂದೆಲ್ಲ ಮೆಂತ್ಯೆಯ ಬೇರು, ಕೊಳೆತ ಎಲೆ, ಕೆಸರು. ದಿನವೂ ಇದೇ ಗೋಳು. ಅರಕೇರಿ ಹಳ್ಳಿಯ ಆ ಹೆಂಗಸು ನಮ್ಮ ಕಟ್ಟೆಯ ಮುಂದೆ ಕುಳಿತು ಸೊಪ್ಪು, ಪಲ್ಲೆ ಮಾರುತ್ತಾಳೆ. ಅವಳ ಆಚೆ ಈಚೆ ಬಿಜ್ಜರಗಿ ಊರಿನ ಹೆಂಗಸರು, ಲಿಂಬೆಹಣ್ಣಿನ ಮದೀನಾಬಿ, ಹೀಗೆ ಒಂದು ಸಾಲು. ನಮ್ಮ ಅಪ್ಪ ಬಿಟ್ಟುಕೊಟ್ಟ ಜಾಗ. ಬಾಡಿಗೆ ಇಲ್ಲ. ಅಂಗಡಿ ತೆರೆಯುವ ಹೊತ್ತಿಗೆ ಎದ್ದು ಹೋಗಬೇಕು, ಹೋಗುವಾಗ ಒಂದು ಹಿಡಿ ಪಲ್ಲೆ ಹೊಸ್ತಿಲ ಮೇಲೆ ಇಡಬೇಕು. ಅದೇ ನಮ್ಮ ಅಂಗಡಿಯ ಬೋಣಿಗೆ. ಇವತ್ತು ಪುಂಡಿಪಲ್ಲೆ ಇಟ್ಟು ಹೋಗಿದ್ದಳು. ಕಸ ನಾನೇ ಗುಡಿಸಿದೆ. ಸೊಂಟ ಹಿಡಿದುಕೊಂಡಿತು.

ಹನ್ನೊಂದಕ್ಕೆ ನೇತ್ರಾ ನಕ್ಷೆ ಹಿಡಿದು ಬಂದಳು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಅವಳ ಹಿಂದೆ ನಡೆದೆ. ಪ್ರತಿ ಅಂಗಡಿಯ ಮುಂದೆ ನಿಂತು ಗುರುತು ಹಾಕಿಕೊಂಡಳು.

"ಸರ್, ಅಂಗಡಿ ಮುಂದ ಇಷ್ಟು ಜಾಗ ಐತಲ್ರಿ, ಇಲ್ಲಿ ಯಾರರೆ ಕುಂದರ್ತಾರೇನ್ರಿ?"

"ಯಾರೂ ಇಲ್ಲಬೇ. ಕಾಣಸಾಕತ್ತೈತಲ್ಲ, ಖಾಲಿನ ಐತಿ."

ನಕ್ಷೆಯಲ್ಲಿ ಖಾಲಿ ಜಾಗ ಎಂದು ಬರೆದುಕೊಂಡಳು. ಅಲ್ಲಿ ಬೆಂಚು, ಕುಂಡದಲ್ಲಿ ಗಿಡ, ನಡೆಯುವವರಿಗೆ ಕಲ್ಲುಹಾಸು ಮಾಡಬಹುದು ಎಂದಳು. ಬಣ್ಣದ ಚಿತ್ರ ತೋರಿಸಿದಳು. ಚಿತ್ರದಲ್ಲಿ ಎಲ್ಲೂ ಕೆಸರಿಲ್ಲ, ಎಲ್ಲರೂ ತೆಳ್ಳಗಿದ್ದಾರೆ, ಎಲ್ಲರೂ ನಗುತ್ತಿದ್ದಾರೆ. ಇಂಥ ಓಣಿಯಲ್ಲಿ ಅಂಗಡಿ ಇದ್ದರೆ ನನ್ನ ಮೊಣಕಾಲೂ ವಾಸಿಯಾದೀತು ಅನಿಸಿತು.

೧೭ ಡಿಸೆಂಬರ್, ಮಂಗಳವಾರ

ಸಭೆಗೆ ದಿನ ಗೊತ್ತುಮಾಡುವುದು ಹೆಣ್ಣಿಗೆ ಗಂಡು ನೋಡುವುದಕ್ಕಿಂತ ಕಷ್ಟ. ರವಿವಾರ ಬೇಡ, ಗಿರಾಕಿ ಬರುತ್ತಾರೆ. ಸೋಮವಾರ ಬೇಡ, ಗುಡಿಯ ಗದ್ದಲ. ಸಂಜೆ ಬೇಡ, ವ್ಯಾಪಾರದ ಹೊತ್ತು. ಮಧ್ಯಾಹ್ನ ಬೇಡ, ಎಲ್ಲರಿಗೂ ನಿದ್ದೆ. ಸುಸ್ತಾಗಿ ತಲೆ ಹಿಡಿದುಕೊಂಡು ಕುಳಿತೆ.

ಕೊನೆಗೆ ಹೊಳೆದದ್ದು ನನಗೇ. ಎಳ್ಳ ಅಮಾವಾಸ್ಯೆ ದಿನ ಇಡೋಣ! ಅವತ್ತು ಹಳ್ಳಿಯವರು ಯಾರೂ ಪೇಟೆಗೆ ಬರುವುದಿಲ್ಲ, ಬಜಾರು ಬಿಕೋ ಎನ್ನುತ್ತದೆ, ಅಂಗಡಿ ತೆರೆದಿದ್ದರೂ ನೊಣ ಹೊಡೆಯುತ್ತ ಕೂರುವುದು. ಎಲ್ಲರೂ ತಲೆದೂಗಿದರು. ಸತೀಶಕುಮಾರನಂತೂ, "ಕಾಕಾ, ಅಧ್ಯಕ್ಷರಂದ್ರ ಹಿಂಗ ಇರಬೇಕು ನೋಡ್ರಿ" ಎಂದ. ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಲಕ್ಕವ್ವ ಮಾತ್ರ ಮುಖ ಗಂಟಿಕ್ಕಿದಳು. ಪ್ರತಿ ವರ್ಷ ಅಂದು ಇಬ್ಬರೂ ಬಬಲೇಶ್ವರಕ್ಕೆ ಅವಳ ತಮ್ಮನ ಹೊಲಕ್ಕೆ ಹೋಗುತ್ತೇವೆ. ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿಗಿಡದ ಬುಡದಲ್ಲಿ ಕುಳಿತು ಉಣ್ಣುತ್ತೇವೆ. ನೀನೊಬ್ಬಳೇ ಹೋಗಿ ಬಾ ಎಂದೆ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

೩೦ ಡಿಸೆಂಬರ್, ಸೋಮವಾರ. ಎಳ್ಳ ಅಮಾವಾಸ್ಯೆ

ಸಭೆ ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಸಮುದಾಯ ಭವನದ ಕುರ್ಚಿಗಳು ಸಾಲಲಿಲ್ಲ. ಗಿರಮಿಟ್ಟು, ಚಹಾ ತರಿಸಿದ್ದೆ. ನೇತ್ರಾ ಗೋಡೆಯ ಮೇಲೆ ಚಿತ್ರ ತೋರಿಸುತ್ತ ಎಲ್ಲ ವಿವರಿಸಿದಳು. ಎದ್ದ ಪ್ರಶ್ನೆ ಎರಡೇ: ಬೆಂಚಿನ ಬಣ್ಣ ಯಾವುದು, ಕುಂಡದಲ್ಲಿ ತುಳಸಿ ಹಚ್ಚಬಹುದೋ ಇಲ್ಲವೋ.

ಕೊನೆಯಲ್ಲಿ ಅವಳು, "ಇದರಿಂದ ಯಾರಿಗರೆ ತ್ರಾಸ ಆಗ್ತೈತೇನ್ರಿ? ಇಲ್ಲೇ ಹೇಳ್ರಿ, ಆಮ್ಯಾಲ ತಿದ್ದೂದು ಕಷ್ಟ" ಎಂದಳು. ಯಾರೂ ತುಟಿ ಪಿಟಕ್ ಎನ್ನಲಿಲ್ಲ. ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದೆ. ಕೆಳಗೆ ಉಳಿದ ಕೈ ಒಂದೂ ಇರಲಿಲ್ಲ. ಗುರುಪಾದಯ್ಯ ಮಾಸ್ತರರು ಎದ್ದು ನಿಂತು, ನಮ್ಮ ಓಣಿಯಲ್ಲಿ ಇಂಥ ಒಗ್ಗಟ್ಟು ಕಂಡಿರಲಿಲ್ಲ ಎಂದು ಕಣ್ಣು ಒರೆಸಿಕೊಂಡರು. ಅವರಿಗೆ ಇನ್ನೊಂದು ಚಹಾ ನಾನೇ ತಂದುಕೊಟ್ಟೆ. ಜನ ಮನಸ್ಸು ಮಾಡಿದರೆ ಏನು ತಾನೇ ಆಗದು?

ಲಕ್ಕವ್ವ ಸಂಜೆ ಬಂದಳು. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ನಾನು ಉಣ್ಣುತ್ತಿದ್ದರೆ ಎದುರಿಗೆ ಕುಳಿತು ಹೇಳಿದಳು: "ಬಸ್ಸಿನ್ಯಾಗ ಕಾಲಿಡಾಕ ಜಾಗಿಲ್ಲ. ಊರಾಗ ಒಂದು ಮನಿ ಬಾಗಲಾ ತೆರದಿಲ್ಲ ನೋಡ್ರಿ. ಎಲ್ಲಾರೂ ಹೊಲದಾಗ."

"ಇಲ್ಲೂ ಎಲ್ಲಾರೂ ಬಂದಿದ್ರು" ಎಂದೆ ನಾನು.

೩೧ ಡಿಸೆಂಬರ್

ಅರಕೇರಿಯ ಹೆಂಗಸು ಇವತ್ತು ಪಲ್ಲೆಯ ಜೊತೆ ನಾಲ್ಕು ಸಜ್ಜಿ ರೊಟ್ಟಿಯನ್ನೂ ಹೊಸ್ತಿಲ ಮೇಲಿಟ್ಟಿದ್ದಳು. ಎದ್ದು ಹೋಗುವ ಮುನ್ನ, "ಯಪ್ಪಾ, ನಿನ್ನಿ ಏನೋ ಮೀಟಿಂಗ್ ಇತ್ತಂತಲ್ರಿ?" ಎಂದಳು. ಓಣಿಯ ವಿಷಯ, ನಿಮ್ಮದೇನಿಲ್ಲ ಎಂದೆ. ಹೌದೇನ್ರಿ ಎಂದು ಬುಟ್ಟಿ ಹೊತ್ತು ಹೋದಳು. ರೊಟ್ಟಿ ಚೆನ್ನಾಗಿತ್ತು. ಬಬಲೇಶ್ವರದ್ದಕ್ಕಿಂತ ತೆಳು. ಇದನ್ನು ಲಕ್ಕವ್ವನ ಮುಂದೆ ಹೇಳುವ ಹಾಗಿಲ್ಲ.

೨೨ ಜನವರಿ ೨೦೨೫, ಬುಧವಾರ

ಇವತ್ತಿನದನ್ನು ಬರೆಯದಿದ್ದರೇ ಒಳ್ಳೆಯದು. ಆದರೂ ಬರೆಯುತ್ತೇನೆ.

ಸಂಕ್ರಾಂತಿಯ ಗದ್ದಲ ಮುಗಿದದ್ದೇ ತಡ, ನಿನ್ನೆ ಸಂಜೆ ಸುಣ್ಣದ ಗೆರೆ ಎಳೆದು ಹೋಗಿದ್ದರು. ಇವತ್ತು ನಸುಕಿನಲ್ಲೇ ಟ್ರ್ಯಾಕ್ಟರಿನಲ್ಲಿ ಸಿಮೆಂಟಿನ ಕುಂಡಗಳು ಬಂದವು. ಒಂದೊಂದೂ ಹಂಡೆಯಷ್ಟು ದೊಡ್ಡದು. ನಾನು ಹೋಗುವಷ್ಟರಲ್ಲಿ ನನ್ನ ಅಂಗಡಿಯ ಮುಂದೆ ಮೂರು ಇಟ್ಟಾಗಿತ್ತು. ಹೆಂಗಸರು ಬುಟ್ಟಿಗಳನ್ನು ತಲೆಯಿಂದ ಇಳಿಸದೆ ಹಾಗೇ ಸಾಲಾಗಿ ನಿಂತಿದ್ದರು. ಮದೀನಾಬಿ ಕೆಲಸದವರ ಜೊತೆ ಜಗಳ ತೆಗೆದಿದ್ದಳು. ಸತೀಶಕುಮಾರ ಮೊಬೈಲು ಹಿಡಿದು ಎಲ್ಲವನ್ನೂ ಚಿತ್ರ ತೆಗೆಯುತ್ತಿದ್ದ.

ನನ್ನನ್ನು ಕಂಡದ್ದೇ ಅರಕೇರಿಯವಳು ಮುಂದೆ ಬಂದಳು. "ಯಪ್ಪಾ, ನೀವರೆ ಹೇಳ್ರಿ ಇವರಿಗೆ. ಇಲ್ಲಿ ನಾವು ಕುಂದರ್ತೀವಂತ ಹೇಳ್ರಿ."

ಕೆಲಸದವನು ನನ್ನನ್ನು ನೋಡಿ, "ಅಧ್ಯಕ್ಷರ ಇವರ ಅದಾರಲ್ಲ, ಇವರ ಸಹಿ ಮ್ಯಾಲ ಕೆಲಸ ನಡದೈತಿ" ಎಂದ.

ಅವಳು ನನ್ನ ಮುಖ ನೋಡಿದಳು. ಏನಾದರೂ ಹೇಳಲೇಬೇಕಿತ್ತು. "ನಾ ಒಬ್ಬನ ಮಾಡಿದ್ದಲ್ಲಬೇ. ಜನರನ್ನೆಲ್ಲ ಕೇಳಿ, ಎಲ್ಲಾರೂ ಒಪ್ಪಿದ ಮ್ಯಾಲ ಆಗಿದ್ದು" ಎಂದೆ.

"ಯಾವ ಜನರನ್ನ ಕೇಳಿದ್ರಿ?"

"ಮೀಟಿಂಗ್ ಇತ್ತಲ್ಲ. ನೀವೂ ಬಂದು ಹೇಳಬೇಕಿತ್ತು."

"ಎಂದಿತ್ರಿ ಮೀಟಿಂಗ್?"

"ಎಳ್ಳ ಅಮಾಸಿ ದಿನ."

ಹೇಳಿದ ಮೇಲೆ ನನಗೇ ಕೇಳಿಸಿತು. ಅವಳು ನಕ್ಕುಬಿಟ್ಟಳು. ಬಿಜ್ಜರಗಿಯ ಹೆಂಗಸರೂ ನಕ್ಕರು. ಸಿಟ್ಟಿನ ನಗೆಯಲ್ಲ ಅದು. ಯಾರೋ ಮದುವೆಗೆ ಕರೆದು ಊರಿನ ಹೆಸರನ್ನೇ ತಪ್ಪು ಹೇಳಿದರೆ ನಗುತ್ತೇವಲ್ಲ, ಹಾಗೆ. "ಎಳ್ಳ ಅಮಾಸಿ ದಿನ ಮೀಟಿಂಗ್ ಇಟ್ಟಿದ್ರಂತ ನೋಡ ಮದೀನಾಬಿ" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ನಾನೂ ಒಂದು ಮಾತು ತಿರುಗಿ ಆಡಬಹುದಿತ್ತು.

ಬುಟ್ಟಿ ಹೊತ್ತು ಹೊರಟರು. ಹೋಗುವ ಮುನ್ನ ಅವಳು ಒಂದು ಹಿಡಿ ಕೊತ್ತಂಬರಿ ನನ್ನ ಹೊಸ್ತಿಲ ಮೇಲಿಟ್ಟಳು. ಇವತ್ತು ಅವಳು ಕುಳಿತೇ ಇರಲಿಲ್ಲ.

೨೩ ಜನವರಿ

ಬರೆಯಲು ಮನಸ್ಸಿಲ್ಲ.

೨ ಫೆಬ್ರುವರಿ, ರವಿವಾರ

ಹತ್ತು ದಿನದಿಂದ ಮನೆಯಲ್ಲಿ ಬಟಾಟೆ. ಬೆಳಿಗ್ಗೆ ಬಟಾಟೆ, ರಾತ್ರಿ ಬಟಾಟೆ. ತಾಜಾ ಪಲ್ಲೆ ಎಲ್ಲಿ ಎಂದರೆ, "ಬೆಂಚಿನ ಮ್ಯಾಲ ಬೆಳದ್ರ ಹರಕೊಂಡ ಬರ್ರಿ" ಎಂದಳು ಲಕ್ಕವ್ವ.

ಬೆಂಚುಗಳು ಸುಂದರವಾಗಿವೆ, ಇಲ್ಲ ಎನ್ನಲಾರೆ. ನಮ್ಮ ಬಿಸಿಲಿಗೆ ಕಾದ ತವೆಯಂತಾಗುತ್ತವೆ, ಯಾರೂ ಕೂರುವುದಿಲ್ಲ. ಕುಂಡಗಳ ನಡುವೆ ಮೋಟಾರ್ ಸೈಕಲ್ ನಿಲ್ಲಿಸಿದ್ದಾರೆ. ಗಿಡಗಳು ಬಾಡಿವೆ. ಅಧ್ಯಕ್ಷನಾದ್ದರಿಂದ ಸಂಜೆ ಬಕೇಟು ಹಿಡಿದು ನೀರು ಹಾಕುವವನು ನಾನೇ. ಮೊಣಕಾಲು ಬಾತಿದೆ. ಬೆಳಗಿನ ಗಿರಾಕಿಯೂ ಇಲ್ಲ. ಪಲ್ಲೆಗೆ ಬಂದವರು ಒಂದು ಸೌಟೋ, ತಾಟೋ ನೋಡಿ ಹೋಗುತ್ತಿದ್ದರು ಎಂಬುದು ಈಗ ತಿಳಿಯುತ್ತಿದೆ. ಎಲ್ಲದರಿಂದಲೂ ಸಾಕುಸಾಕಾಗಿದೆ.

ಕಚೇರಿಗೆ ಹೋಗಿ ಕುಂಡ ಸರಿಸಿ ಎಂದೆ. "ಜನರ ತೀರ್ಮಾನಾರೀ ಅದು, ನಾವು ಹೆಂಗ ಮುರಿಯೂದು?" ಎಂದರು. ಎಷ್ಟು ಮರ್ಯಾದೆ ಜನರ ಮೇಲೆ! ನೇತ್ರಾ ಅಲ್ಲೇ ಇದ್ದಳು. ಹೊರಗೆ ಕರೆದುಕೊಂಡು ಬಂದು ಮೆಲ್ಲಗೆ ಹೇಳಿದಳು: "ಸರ್, ನಾ ಕೇಳಿದ್ದೆ, ಇಲ್ಲಿ ಯಾರರೆ ಕುಂದರ್ತಾರೇನಂತ. ನೀವು ಯಾರೂ ಇಲ್ಲ ಅಂದ್ರಿ."

ನಾನು ಹೇಳಿದ್ದು ಸುಳ್ಳೇ? ಹನ್ನೊಂದು ಗಂಟೆಗೆ ಯಾರೂ ಇರಲಿಲ್ಲವಲ್ಲ. ಅವಳು ಬೆಳಿಗ್ಗೆ ಬರಬೇಕಿತ್ತು. ನಾನೇನು ನೆನಪು ಮಾಡಿ ಮಾಡಿ ಹೇಳುತ್ತ ಕೂರಲೇ?

ಆದರೂ ಅವಳೇ ದಾರಿ ತೋರಿಸಿದಳು. ಕೆಲಸ ಪೂರ್ತಿ ಮುಗಿಯುವ ಮುನ್ನ ಇನ್ನೊಂದು ಸಭೆ ಕರೆದು ತಕರಾರು ಕೇಳಬಹುದಂತೆ. ಸಭೆಯಲ್ಲಿ ಬದಲಾವಣೆ ಒಪ್ಪಿದರೆ ಕಚೇರಿಯೂ ಒಪ್ಪಲೇಬೇಕಂತೆ. ದಿನ, ಹೊತ್ತು, ಜಾಗ ಗೊತ್ತುಮಾಡುವವನು ಅಧ್ಯಕ್ಷ. ನನ್ನ ಹಣೆಬರಹ.

೯ ಫೆಬ್ರುವರಿ, ರವಿವಾರ

ಇವತ್ತು ಅರಕೇರಿಗೆ ಹೋಗಿದ್ದೆ. ಪಲ್ಲೆಯವಳ ಹೆಸರು ಮಲಕವ್ವ ಎಂದು ಲಕ್ಕವ್ವನೇ ಹೇಳಿ ಕಳಿಸಿದ್ದಳು. ಬಸ್ಸಿನಿಂದ ಇಳಿದು ಮಲಕವ್ವನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಮಲಕವ್ವ ಎಂದರು. ಊರಲ್ಲಿ ಓಣಿಗೊಬ್ಬಳು ಮಲಕವ್ವ. ಪಲ್ಲೆ ಮಾರುವವಳು ಎಂದೆ. ಕುರಿ ಕಾಯುವ ಅಮೋಘಿಯ ಹೆಂಡತಿಯೇ ಎಂದರು. ನನಗೇನು ಗೊತ್ತು? ಇಷ್ಟು ವರ್ಷದಲ್ಲಿ ಅವಳ ಗಂಡನ ಹೆಸರನ್ನು ಕೇಳಿರಲಿಲ್ಲ.

ಅಮೋಘಿ ಊರ ಹೊರಗೆ ಕುರಿಗಳ ನಡುವೆ ಕಂಬಳಿ ಹೊದ್ದು ನಿಂತಿದ್ದ. ನಾನು ಯಾರೆಂದು ಹೇಳಿದೆ. ಗುರುತು ಹಿಡಿದವನಂತೆ ತಲೆಯಾಡಿಸಿದ.

"ಅಕಿ ಇಲ್ರಿ, ತಿಕೋಟಾ ಸಂತಿಗೆ ಹೋಗ್ಯಾಳ. ಪ್ಯಾಟಿ ಬಿಟ್ಟಾಳಲ್ರಿ ಈಗ."

"ಮೀಟಿಂಗ್ ಐತಿ, ಕರಿಯಾಕ ಬಂದೇನಿ."

"ಮೊದ್ಲ ಎಬ್ಬಿಸಿ ಆಮ್ಯಾಲ ಕರೀತಾರೇನ್ರಿ?" ಎಂದ. ಸಿಟ್ಟಿನಿಂದ ಹೇಳಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ. ನಾನು ಕುರಿಗಳ ಕಡೆ ನೋಡಿದೆ. ಅವನೇ ಒಬ್ಬರ ಮೋಟಾರ್ ಸೈಕಲ್ ಹಿಂದೆ ಕೂರಿಸಿ ತಿಕೋಟಾಕ್ಕೆ ಕಳಿಸಿದ.

ಸಂತೆಯ ತುದಿಯಲ್ಲಿ, ನೆರಳಿಲ್ಲದ ಕಡೆ ಮಲಕವ್ವ ಕುಳಿತಿದ್ದಳು. ಪಲ್ಲೆ ಬಾಡಿ ಬಗ್ಗಿತ್ತು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು. ಕೂರಬೇ ಎಂದೆ. ನಾನೂ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತೆ. ಕುಳಿತ ಮೇಲೆ ಏಳುವುದು ಹೇಗೆಂಬ ಚಿಂತೆ ಬೇರೆ.

"ವ್ಯಾಪಾರ ಹೆಂಗೈತಿ?"

"ಇಲ್ಲಿ ಎಲ್ಲಾರ ಹೊಲದಾಗೂ ಪಲ್ಲೆ ಐತ್ರಿ, ತಗೊಳ್ಳಾವ್ರು ಯಾರು? ಉಳದದ್ದು ಕುರಿಗಿ ಹಾಕಾಕತ್ತೇವಿ. ಯುಗಾದಿತನ ನೋಡ್ತೀವಿ. ಆಗಲಿಲ್ಲಂದ್ರ ಪಲ್ಲೆ ಮಡಿ ಕಿತ್ತಿ ಹಾಕೂದ. ಅಷ್ಟು ನೀರು, ಅಷ್ಟು ದುಡಿತ, ಕುರಿಗಂತ ಯಾರು ಮಾಡ್ತಾರ್ರಿ?"

ಸಭೆಯ ವಿಷಯ ಹೇಳಿದೆ. ಬರುವುದಿಲ್ಲ ಎಂದಳು. ನಾವು ಬಂದು ಮಾತಾಡಿದರೆ ನಡೆಯುತ್ತದೆಯೇ ಎಂದಳು. ಗೊತ್ತಿಲ್ಲ ಎಂದೆ. ನಿಜ ಹೇಳಿದ್ದಕ್ಕೋ ಏನೋ, ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಎಂದ ಇಡ್ತೀರಿ?"

"ನೀವ ಹೇಳ್ರಿ. ನಿಮಗ ಯಾವಾಗ ಆಗ್ತೈತೋ ಆವಾಗ."

ಬಾಯಿ ಮುಚ್ಚಿಕೊಂಡು ಬಂದಿದ್ದರೆ ಚೆನ್ನಾಗಿತ್ತು. ಮುಂದಿನ ರವಿವಾರ, ಮುಂಜಾನೆ ಆರು ಗಂಟೆಗೆ, ನಮ್ಮ ಓಣಿಯಲ್ಲೇ, ಬೀದಿಯ ಮೇಲೆ ಎಂದಳು. ಒಳಗೆ ಭವನಕ್ಕೆ ಬಂದರೆ ಬುಟ್ಟಿ ಕಾಯುವವರು ಯಾರು ಎಂಬುದು ಅವಳ ಮಾತು. ಆರು ಗಂಟೆ! ನಮ್ಮ ವ್ಯಾಪಾರಿಗಳು ಆರು ಗಂಟೆಗೆ ಎದ್ದದ್ದನ್ನು ಅವರ ತಾಯಂದಿರೂ ನೋಡಿರಲಿಕ್ಕಿಲ್ಲ.

ಏಳುವಾಗ ಕೈ ಕೊಟ್ಟು ಎಬ್ಬಿಸಿದವಳು ಅವಳೇ.

೧೧ ಫೆಬ್ರುವರಿ

ಬೈಗುಳದ ಮಳೆ. ಸತೀಶಕುಮಾರ, "ಕಾಕಾ, ನಿಮಗ ತಲಿ ಕೆಟ್ಟೈತೇನು? ನಾ ಏಳೂದ ಎಂಟಕ್ಕ" ಎಂದ. ಒಂದು ದಿನ ಏಳಪ್ಪ, ಸೂರ್ಯ ಹುಟ್ಟುವುದನ್ನು ನೋಡಿದ ಹಾಗಾಗುತ್ತದೆ ಎಂದೆ. ಮೊದಲಿನಂತೆ ಹೌದಪ್ಪ ಹೌದು ಎಂದು ತಲೆಯಾಡಿಸುವ ತಾಳ್ಮೆ ಉಳಿದಿಲ್ಲ. ವಯಸ್ಸಾಯಿತು.

೧೬ ಫೆಬ್ರುವರಿ, ರವಿವಾರ

ಬಂದರು. ಅರ್ಧದಷ್ಟು ವ್ಯಾಪಾರಿಗಳು, ಕಿವಿಗೆ ಮಫ್ಲರು ಸುತ್ತಿಕೊಂಡು, ಆಕಳಿಸುತ್ತ. ಇನ್ನೊಂದು ಕಡೆ ಹೆಂಗಸರು, ಬುಟ್ಟಿ ಮುಂದಿಟ್ಟುಕೊಂಡು ನೆಲದ ಮೇಲೆ. ನೇತ್ರಾ ಯಾವ ಕಡೆಯೂ ಕುರ್ಚಿ ಹಾಕಿಸಿಕೊಳ್ಳದೆ ಅವರ ಜೊತೆ ನೆಲದ ಮೇಲೇ ಕುಳಿತಳು.

ಮೊದಲಿಗೇ ತಕರಾರು. ಒಬ್ಬೊಬ್ಬರ ಹೆಸರು, ಊರು ಬರೆದುಕೊಳ್ಳುತ್ತಿದ್ದಾಗ ಸತೀಶಕುಮಾರ ಎದ್ದು ನಿಂತ. "ಅರಕೇರಿ, ಬಿಜ್ಜರಗಿ ಅಂದ್ರ ಹೊರಗಿನವರಾದ್ರು. ಓಣಿ ವಿಷಯದಾಗ ಹೊರಗಿನವರ ಮಾತು ಹೆಂಗ ಬರ್ಕೋತೀರಿ?" ಓಣಿಯವರೊಬ್ಬರು ಇವರು ನಮ್ಮವರೆಂದು ಜವಾಬ್ದಾರಿ ತೆಗೆದುಕೊಂಡರೆ ಬರೆದುಕೊಳ್ಳಬಹುದು ಎಂದಳು ನೇತ್ರಾ. ಯಾರೂ ಮುಂದೆ ಬರಲಿಲ್ಲ. ಚಳಿ ಇತ್ತು, ಕಾಲು ನೋಯುತ್ತಿತ್ತು, ಬೇಗ ಮುಗಿದರೆ ಸಾಕಿತ್ತು.

"ನನ್ನ ಅಂಗಡಿ ವಿಳಾಸ ಬರಕೋರಿ" ಎಂದೆ. "ನಾ ಕೀಲಿ ತಗಿಯೂದಕ್ಕಿಂತ ಮೊದ್ಲ ದಿನಾ ಇಲ್ಲಿ ಇರೂದು ಇವರ. ನನಗಿಂತ ಹೆಚ್ಚು ಓಣಿಯವರು."

ಬರೆದುಕೊಂಡಳು. ಸತೀಶಕುಮಾರ ನನ್ನ ಕಡೆ ನೋಡಲೇ ಇಲ್ಲ. ಹೋಗಲಿ.

ಇಷ್ಟೆಲ್ಲ ಮಾಡಿ ಮಾತಾಡಿರಿ ಎಂದರೆ ಹೆಂಗಸರು ತುಟಿ ಹೊಲಿದುಕೊಂಡು ಕುಳಿತರು. ಕುಂಡ ಎಲ್ಲಿಗೆ ಸರಿಸಬೇಕು, ಎಷ್ಟು ಜಾಗ ಬೇಕು ಎಂದು ನೇತ್ರಾ ಕೇಳಿದಳು. ಅವರು ಪಲ್ಲೆಗೆ ನೀರು ಚಿಮುಕಿಸಿದರು. ನನಗೆ ಸಿಟ್ಟು ಬಂತು. ಊರೂರು ಅಲೆದು ಕರೆದವನು ನಾನು!

ಕೊನೆಗೆ ಮಲಕವ್ವ ತಲೆ ಎತ್ತಿದಳು. "ಕುಂಡ ಗ್ವಾಡಿಗೆ ಹಚ್ಚಿದ್ರ ಆತ್ರಿ. ನಾವು ಮುಂಜಾನಿ ಕುಂತ ಎದ್ದು ಹೋಗ್ತೀವಿ, ಆಮ್ಯಾಲ ನಿಮ್ಮ ಮಂದಿ ಅಡ್ಯಾಡಲಿ. ಅದೇನು ದೊಡ್ಡ ಮಾತಲ್ಲ." ಮದೀನಾಬಿ ಅವಳ ಮೊಣಕೈ ತಿವಿದಳು. "ಕೇಳಾಕತ್ತೀರಂತ ಹೇಳ್ತೀನ್ರಿ. ನಾವು ನಸಿಕಿನ್ಯಾಗ ಮನಿ ಬಿಡ್ತೀವಿ. ತಿರುಗಿ ಮನಿ ಮುಟ್ಟೂತನ ಹೆಣ್ಮಕ್ಕಳಿಗೆ ಹೋಗಾಕ ಈ ಪ್ಯಾಟ್ಯಾಗ ಒಂದು ಜಾಗಾ ಇಲ್ರಿ. ಅದಕ್ಕ ನೀರು ಕುಡಿಯೂದಿಲ್ಲ. ಬ್ಯಾಸಗ್ಯಾಗೂ ಕುಡಿಯೂದಿಲ್ಲ. ನಮ್ಮ ಅತ್ತಿ ಕುಂದರೂವಾಗಿಂದ ಹಿಂಗ ಐತಿ. ಅದೊಂದು ಮಾಡಾಕ ಬರ್ತೈತೇನ್ರಿ ನಿಮ್ಮ ಚಿತ್ರದಾಗ?"

ಗಂಡಸರೆಲ್ಲ ಮೊಬೈಲು ತೆಗೆದು ನೋಡತೊಡಗಿದರು. ನೇತ್ರಾ ಬರೆಯುವುದನ್ನು ನಿಲ್ಲಿಸಿದ್ದಳು. ನನಗೆ ನಾಚಿಕೆಯಾಯಿತು, ಬೇರೆ ಶಬ್ದ ಇಲ್ಲ.

ಕುಂಡ ಗೋಡೆಗೆ ಹಚ್ಚುವುದಕ್ಕೆ ಹೆಚ್ಚಿನವರು ಒಪ್ಪಿದರು. ಬೆಳಗಿನ ಹೊತ್ತು ಹೆಂಗಸರಿಗೆ ಎಂದೂ ಬರೆದುಕೊಂಡಾಯಿತು. ಇನ್ನೊಂದು ಮಾತಿಗೂ ಎಲ್ಲರೂ ಹೌದು, ಬೇಕೇ ಬೇಕು ಎಂದರು. ಎಲ್ಲಿ ಎಂದು ನೇತ್ರಾ ಕೇಳಿದಾಗ ಪ್ರತಿಯೊಬ್ಬರೂ ಪಕ್ಕದವನ ಅಂಗಡಿಯ ಕಡೆ ನೋಡಿದರು. ನಾನು ಸತೀಶಕುಮಾರನ ಅಂಗಡಿಯ ಕಡೆ ನೋಡಿದೆ.

೧೮ ಫೆಬ್ರುವರಿ

ನಿನ್ನೆ ಕಚೇರಿಗೆ ಹೋಗಿ ಕೇಳಿದೆ. ಸಾರ್ವಜನಿಕ ಪಾಯಖಾನೆಯನ್ನು ಮುಂದಿನ ವರ್ಷದ ಯೋಜನೆಯಲ್ಲಿ ನೋಡುತ್ತಾರಂತೆ. ಮುಂದಿನ ವರ್ಷ ಎಂದರೆ ಯಾವುದು ಎಂದು ಕೇಳಿದೆ. ನಕ್ಕರು.

ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿಯ ಹಿಂದೆಯೇ ನಮ್ಮ ಮನೆ, ಪಕ್ಕದ ಸಂದಿ ಮನೆಯ ಹಿತ್ತಲಿಗೆ ಹೋಗುತ್ತದೆ. ಹಿತ್ತಲಲ್ಲಿ ನಮ್ಮ ಪಾಯಖಾನೆ, ನಲ್ಲಿ ಎರಡೂ ಇವೆ. ಸಂದಿಯ ತುಂಬ ಅಪ್ಪನ ಕಾಲದ ಹಳೇ ಹಂಡೆ, ಕೊಡ ಪೇರಿಸಿಟ್ಟಿದ್ದೇನೆ, ಮಾರಾಟವಾಗದ ಸಾಮಾನು. ತೆಗೆದರೆ ಎಲ್ಲಿ ಇಡುವುದು? ಮಂದಿ ಮನೆಯೊಳಗೆ ಹಾಯ್ದು ಹೋದರೆ ಹೇಗೆ? ತೊಳೆಯುವವರು ಯಾರು? ಇದು ನನ್ನ ಕೆಲಸವೇ?

ಬೆಳಿಗ್ಗೆ ಲಕ್ಕವ್ವನನ್ನು ಕೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಒಂದು ನಮೂನೆ ನೋಡಿದಳು.

"ನನ್ನ ಕೇಳಾಕ ಬಂದೀರಿ?"

"ಹಿತ್ತಲ ನಿಂದಲ್ಲೇನು? ನಿನ್ನ ಬಿಟ್ಟು ಯಾರನ್ನ ಕೇಳಲಿ?"

ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ರೊಟ್ಟಿಯನ್ನು ತವೆಗೆ ಹಾಕಿ, "ಬಾಗಿಲಿಗೆ ಒಳಗಿಂದ ಚಿಲಕಾ ಬದಲಿ ಮಾಡಸ್ರಿ. ಈಗಿಂದು ಗಟ್ಟಿ ಇಲ್ಲ. ಹೆಣ್ಮಕ್ಕಳಿಗೆ ಅಂಜಿಕಿ ಇರ್ತೈತಿ. ತೊಳಿಯೂದು ಸರದಿ ಹಚ್ಚೂಣು, ಅವರೂ ತೊಳೀಲಿ, ನೀವೂ ತೊಳೀರಿ" ಎಂದಳು.

ನಾನೂ?

೨೮ ಫೆಬ್ರುವರಿ, ಶುಕ್ರವಾರ

ಶಿವರಾತ್ರಿ ಮುಗಿದ ಮೇಲೆ ಕುಂಡ ಸರಿಸಿದ್ದಾರೆ. ಒಂದು ಒಡೆಯಿತು. ಸಂದಿಯಿಂದ ಹಂಡೆಗಳನ್ನು ಹೊರಗೆ ಹಾಕಲು ಎರಡು ದಿನ ಹಿಡಿಯಿತು. ಮೈಯೆಲ್ಲ ನೋವು. ಗುಜರಿಯವನು ನಮ್ಮ ಅಪ್ಪನ ಹೆಸರು ಕೆತ್ತಿದ ಹಂಡೆಯನ್ನೂ ಒಯ್ದ. ಒಯ್ಯಲಿ, ಅದರಲ್ಲಿ ಯಾರು ನೀರು ಕಾಯಿಸುತ್ತಿದ್ದರು? ಸತೀಶಕುಮಾರ ಮಾತು ಬಿಟ್ಟಿದ್ದಾನೆ. ಅವನ ಅಂಗಡಿಯ ಮುಂದಿನ ಕುಂಡ ಮಾತ್ರ ಮೊದಲಿನ ಜಾಗದಲ್ಲೇ ಇದೆ. ಅಲ್ಲಿ ಕೂರುತ್ತಿದ್ದ ಬಿಜ್ಜರಗಿಯವಳು ನಮ್ಮ ಕಡೆ ಒತ್ತಿಕೊಂಡು ಕೂರಬೇಕು. ಎಲ್ಲವೂ ಎಲ್ಲಿ ಆಗುತ್ತದೆ?

ಇನ್ನೂ ಯಾರೂ ಬಂದಿಲ್ಲ.

೪ ಮಾರ್ಚ್

ಮದೀನಾಬಿ ಬಂದಿದ್ದಾಳೆ. ಮಲಕವ್ವ ಇಲ್ಲ.

೧೦ ಮಾರ್ಚ್, ಸೋಮವಾರ

ಬಿಸಿಲು ಈಗಲೇ ಬಾಯಿ ಒಣಗಿಸುತ್ತಿದೆ. ಏಳು ಗಂಟೆಗೇ ಅಂಗಡಿಗೆ ಹೋಗಿದ್ದೆ. ಈಚೆಗೆ ಬೇಗ ಎಚ್ಚರವಾಗುತ್ತದೆ, ಮನೆಯಲ್ಲಿ ಕುಳಿತು ಏನು ಮಾಡುವುದು? ಮಲಕವ್ವ ಬಂದಿದ್ದಳು. ರಾಜಗಿರಿ, ಮೆಂತ್ಯೆ, ಹತ್ತರಕಿ ಹಚ್ಚಿಕೊಂಡು, ತನ್ನ ಜಾಗದಲ್ಲಿ. ಮಡಿ ಕಿತ್ತಿಲ್ಲವೇ ಎಂದೆ. ಅರ್ಧ ಕಿತ್ತಿದ್ದೆವು, ಅರ್ಧ ಇದೆ ಎಂದಳು. ಹೆಚ್ಚು ಮಾತಾಡಲಿಲ್ಲ. ಗಿರಾಕಿಗಳಿದ್ದರು. ನಾನೂ ಕಟ್ಟೆಯ ಮೇಲೆ ಕುಳಿತು ಬೇರು ಕತ್ತರಿಸಿ ಕೊಟ್ಟೆ, ಸುಮ್ಮನೆ ಕೂರಲು ಬೇಸರವಾಗಿ.

ಎಂಟರ ಸುಮಾರಿಗೆ ಲಕ್ಕವ್ವ ಸಂದಿಯ ಬಾಗಿಲಲ್ಲಿ ನಿಂತು ಅವಳನ್ನು ಕರೆದಳು. ಇಬ್ಬರೂ ಒಳಗೆ ಹೋದರು. ಬುಟ್ಟಿ ನಾನು ಕಾಯ್ದೆ. ಒಂದು ಸಿವುಡು ಮೆಂತ್ಯೆಯನ್ನೂ ಮಾರಿದೆ. ಗಿರಾಕಿ ಚೌಕಾಸಿ ಮಾಡಿದಾಗ ಬಿಟ್ಟುಕೊಡಲಿಲ್ಲ.

ತಿರುಗಿ ಬಂದು ಕುಳಿತವಳು ಬಿಸಿಲಿಗೆ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಯಪ್ಪಾ, ಒಂದು ತಂಬಿಗಿ ನೀರು ಕೊಡ್ರಿ" ಎಂದಳು.

ಅಂಗಡಿಯ ಗೋಡೆ ತುಂಬ ಸಾಲಾಗಿ ತಂಬಿಗೆಗಳು. ಹಿತ್ತಾಳೆಯವು, ತಾಮ್ರದವು, ಸ್ಟೀಲಿನವು. ಯಾವುದನ್ನು ತೆಗೆಯಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತೇಬಿಟ್ಟೆ. ಕೈಗೆ ಸಿಕ್ಕ ದೊಡ್ಡದನ್ನು ತೊಳೆದು ತುಂಬಿಸಿ ಕೊಟ್ಟೆ. ಬುಟ್ಟಿಯ ಹಿಂದೆ ಕುಳಿತು, ಎತ್ತಿ ಹಿಡಿದು, ಒಂದೇ ಉಸಿರಿಗೆ ಅಷ್ಟನ್ನೂ ಕುಡಿದಳು. ಇನ್ನೊಂದು ತಂಬಿಗೆ ಕೇಳಿದಳು.